ಅಪ್‌ಡೇಟ್: ಫೀನಿಕ್ಸ್‌ಗೆ ಬಂದು ನಾಲ್ಕು ತಿಂಗಳಾಯಿತು

ಮೇ ತಿಂಗಳಲ್ಲಿ ಕೇಳಿದ್ದೆ: ವಯಸ್ಸು 22, ಮೊದಲ ಕೆಲಸ, ಒಬ್ಬಳೇ ಅರಿಜೋನಾದ ಫೀನಿಕ್ಸ್‌ಗೆ ಹೋಗುತ್ತಿದ್ದೇನೆ, ಊರು ಸೇಫಾ ಅಂತ. ಏರಿಯಾ ನೋಡಿ ಮನೆ ಹಿಡಿ, ಬಿಸಿಲನ್ನು ಹಗುರವಾಗಿ ತಗೋಬೇಡ ಅಂದಿದ್ದಿರಿ. ಎರಡೂ ನಿಜ. ಎರಡನೆಯದು ಸ್ವಲ್ಪ ಜಾಸ್ತಿಯೇ ನಿಜ.

ಕಳ್ಳಕಾಕರ ಭಯ ಬೇಗ ಕಳೆಯಿತು. ಇಡೀ ಊರಿನ ಅಪರಾಧದ ಲೆಕ್ಕ ನೋಡಿ ಸುಮ್ನೆ ಹೆದರಿದ್ದೆ. ಬೀದಿಯಿಂದ ಬೀದಿಗೆ ಕಥೆಯೇ ಬೇರೆ. ಮನೆ ಒಪ್ಪುವ ಮುಂಚೆ ರಾತ್ರಿ ಹತ್ತಕ್ಕೆ ಲೈಟ್ ರೈಲ್ (ಊರೊಳಗಿನ ಟ್ರಾಮ್‌ನಂಥ ರೈಲು) ಸ್ಟೇಷನ್‌ನಿಂದ ನಡೆದು ನೋಡಿದೆ. ಒಂದು ಮನೆಯನ್ನು ಅಲ್ಲೇ ಕೈಬಿಟ್ಟೆ.

ಬಿಸಿಲಿನ ವಿಷಯ ಹಾಗಲ್ಲ. 2023ರಲ್ಲಿ ಇಲ್ಲಿ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆ ವರ್ಷ ಫೀನಿಕ್ಸ್ ಇರುವ ಮ್ಯಾರಿಕೋಪಾ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಬಿಸಿಲಿಗೆ ಸತ್ತವರು 645 ಮಂದಿ. ಜುಲೈನಲ್ಲಿ ಕಾರಿನ ಸೀಟ್‌ಬೆಲ್ಟ್ ಕೊಂಡಿ ಮುಟ್ಟಿ ನನ್ನ ಬೆರಳಲ್ಲಿ ಬೊಕ್ಕೆ ಎದ್ದಿತು. ಅದೇ ವಾರ ಎಸಿ ಕೆಟ್ಟಿತು. ಮನೆ ಮಾಲೀಕರು "ಸೋಮವಾರ ನೋಡೋಣ" ಅಂದರು. ಎಸಿ ಇರುವ ಬಾಡಿಗೆ ಮನೆ 82 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 28 ಸೆಲ್ಸಿಯಸ್) ಮೀರಬಾರದು ಅಂತ ಇಲ್ಲಿ ನಗರದ ನಿಯಮವೇ ಇದೆ. ಅದನ್ನು ಬರೆದು ಕಳಿಸಿದೆ. ಸಂಜೆಗೇ ಮೆಕ್ಯಾನಿಕ್ ಬಂದ!

ಧೂಳಿನ ಬಿರುಗಾಳಿಯ ಬಗ್ಗೆ ಮಾತ್ರ ಯಾರೂ ಹೇಳಿರಲಿಲ್ಲ, ಅಲ್ವಾ? ಹಬೂಬ್ ಅಂತಾರೆ. ಕಂದು ಗೋಡೆಯೊಂದು ಎದುರಿಗೆ ಬಂದ ಹಾಗೆ. ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಹೋಗಿ ನಿಲ್ಲಿಸಬೇಕು, ಎಲ್ಲ ಲೈಟ್ ಆರಿಸಿ ಬ್ರೇಕ್‌ನಿಂದ ಕಾಲು ತೆಗೆಯಬೇಕು. ಲೈಟ್ ಉರಿಯುತ್ತಿದ್ದರೆ ಹಿಂದಿನವರು ರಸ್ತೆ ಅಲ್ಲೇ ಇದೆ ಅಂದುಕೊಂಡು ಬಂದು ಗುದ್ದುತ್ತಾರೆ. ಕತ್ತಲಲ್ಲಿ ಇಪ್ಪತ್ತು ನಿಮಿಷ ಹಾಗೇ ಕೂತಿದ್ದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.