ಗುಜರಿಯಿಂದ ತಂದ ಹೈಬ್ರಿಡ್ ಬ್ಯಾಟರಿ ಮಾಡ್ಯೂಲ್ ಹಾಕಿದರೂ ಪಿ0ಎ80 ವಾಪಸ್ ಬರ್ತಿದೆ

ಕಿತ್ತಳೆವೈರ್:
ನನ್ನದು 2006ರ ಟೊಯೋಟಾ ಪ್ರಿಯಸ್ ಹೈಬ್ರಿಡ್ ಕಾರು, ಎರಡನೇ ತಲೆಮಾರಿನದು. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ಕೆಂಪು ತ್ರಿಕೋನ ಬಂತು. ಸ್ಕ್ಯಾನರ್ ಹಾಕಿದರೆ ಪಿ0ಎ80, ಅಂದರೆ ಹೈಬ್ರಿಡ್ ಬ್ಯಾಟರಿ ಕೆಟ್ಟಿದೆ ಅನ್ನುವ ಕೋಡ್. ಬ್ಯಾಟರಿ ಬಿಚ್ಚಿ 28 ಮಾಡ್ಯೂಲ್‌ಗಳಿಗೂ ಮೀಟರ್ ಹಿಡಿದೆ. 27ರಲ್ಲಿ 7.8 ವೋಲ್ಟ್ ಆಸುಪಾಸು, ಒಂದರಲ್ಲಿ ಮಾತ್ರ 6.5. ಗುಜರಿಯಲ್ಲಿ ಮೂತಿ ಜಜ್ಜಿಹೋಗಿದ್ದ 2008ರ ಕಾರು ಸಿಕ್ಕಿತು. ಅದರಿಂದ ಎರಡು ಮಾಡ್ಯೂಲ್ ತಂದೆ, ಎರಡೂ 7.7 ತೋರಿಸಿದವು. ಕೆಟ್ಟಿದ್ದನ್ನು ತೆಗೆದು ಒಂದನ್ನು ಹಾಕಿದೆ. ಹನ್ನೆರಡು ದಿನ ಚೆನ್ನಾಗಿ ಓಡಿತು. ನಿನ್ನೆ ಮತ್ತೆ ಅದೇ ತ್ರಿಕೋನ. ಎಲ್ಲಿ ಎಡವಿದೆ?

ಹಳೇಸ್ಪ್ಯಾನರ್:
ಸರ್, ಬರೀ ಮೀಟರ್ ನಂಬಿದ್ದೇ ಎಡವಟ್ಟು. ಒಂದು ಮಾಡ್ಯೂಲ್‌ನಲ್ಲಿ 1.2 ವೋಲ್ಟಿನ ಆರು ಸೆಲ್ ಇರುತ್ತವೆ. ನಿಮ್ಮ 6.5ರದ್ದರಲ್ಲಿ ಒಂದು ಸೆಲ್ ಪೂರ್ತಿ ಹೋಗಿದೆ, ಅದು ಸುಲಭವಾಗಿ ಕಾಣುತ್ತದೆ. ಸೊರಗಿದ ಸೆಲ್ ಹಾಗಲ್ಲ. ಸುಮ್ನೆ ಕೂತಾಗ 7.7 ತೋರಿಸುತ್ತದೆ, ಕೆಲಸ ಕೊಟ್ಟರೆ ಕುಸಿಯುತ್ತದೆ.

ಹಳೇ ಹೆಡ್‌ಲೈಟ್ ಬಲ್ಬ್ ಇದೆಯಾ? 12 ವೋಲ್ಟ್, 55 ವ್ಯಾಟಿನದು. ಅದನ್ನು ಒಂದೊಂದೇ ಮಾಡ್ಯೂಲ್‌ಗೆ ಎರಡು ನಿಮಿಷ ಕಟ್ಟಿ, ಬಲ್ಬ್ ಉರಿಯುತ್ತಿರುವಾಗಲೇ ವೋಲ್ಟೇಜ್ ಬರೆದುಕೊಳ್ಳಿ. ಒಂದು ಅಂಕಿ ಇಷ್ಟೇ ಇರಬೇಕು ಅಂತಲ್ಲ, ಉಳಿದವುಗಳ ಜೊತೆ ಹೋಲಿಸಿ. ಗುಂಪಿನಿಂದ ಕೆಳಗೆ ಬಿದ್ದದ್ದು ಬೇಡ. ಆಮೇಲೆ ನಿಕಲ್ ಮೆಟಲ್ ಹೈಡ್ರೈಡ್ ಮೋಡ್ ಇರುವ ಹವ್ಯಾಸಿ ಚಾರ್ಜರ್‌ನಲ್ಲಿ ಮೂರು ಸಲ ತುಂಬಿಸಿ, ಖಾಲಿ ಮಾಡಿ, ಸಾಮರ್ಥ್ಯ ಅಳೆಯಿರಿ. ಹೊಸದರಲ್ಲಿ 6.5 ಆಂಪಿಯರ್ ಅವರ್ ಇರುತ್ತದೆ. ಚಾರ್ಜ್ ಮಾಡುವಾಗ ಎರಡೂ ಬದಿಗೆ ಗಟ್ಟಿ ಹಲಗೆ ಕೊಟ್ಟು ಬಿಗಿಯಲೇಬೇಕು. ನಾನೊಮ್ಮೆ ಬಿಗಿಯದೆ ಬಿಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಪ್ಲಾಸ್ಟಿಕ್ ಗೋಡೆ ಹೊಟ್ಟೆ ಬಿಟ್ಟಿತ್ತು. ಅದು ಆಮೇಲೆ ಜಾಗದಲ್ಲಿ ಕೂರಲೇ ಇಲ್ಲ.

ಬ್ಯಾಟರಿ ಮೇಲೆ ಕಣ್ಣಿಟ್ಟಿರುವ ಕಾರಿನ ಕಂಪ್ಯೂಟರ್ (ಇಸಿಯು) ಎರಡೆರಡು ಮಾಡ್ಯೂಲ್ ಸೇರಿಸಿ 14 ಜೋಡಿಗಳಾಗಿ ನೋಡುತ್ತದೆ. ಜೋಡಿಗಳ ವೋಲ್ಟೇಜ್ ನಡುವೆ ಅಂತರ ಜಾಸ್ತಿಯಾದರೆ ಗಲಾಟೆ, ಕೋಡ್ ಬರುತ್ತದೆ. ಮುದಿ ಎತ್ತಿನ ಪಕ್ಕ ಹೋರಿ ಕಟ್ಟಿದರೂ ನೇಗಿಲು ಸೊಟ್ಟ ಹೋಗುತ್ತದಲ್ವಾ? ತಂದದ್ದು ತೀರಾ ಚೆನ್ನಾಗಿದ್ದರೂ ತೊಂದರೆಯೇ.

ಕಿತ್ತಳೆವೈರ್:
ಬಲ್ಬ್ ಕಟ್ಟಿ ನೋಡಿದೆ. ಗುಜರಿಯ ಒಂದು ಮಾಡ್ಯೂಲ್, ನಾನು ಹಾಕಿದ್ದೇ, ಎರಡು ನಿಮಿಷದೊಳಗೆ 6.4ಕ್ಕೆ ಇಳಿಯಿತು! ನನ್ನ ಹಳೆಯವು 7.3ರಿಂದ 7.4ರಲ್ಲಿ ನಿಂತಿವೆ. ಗುಜರಿಗೆ ಮತ್ತೆ ಹೋಗಬೇಕು. ಹೋದ ಸಲ ಡಿಕ್ಕಿ ಬಾಗಿಲು ತೆಗೆಯೋಕೆ ಒಂದು ಗಂಟೆ ಹೋಯಿತು, ಅದಕ್ಕೇನಾದರೂ ಉಪಾಯ ಇದೆಯಾ?

ನಟ್ಟುಬೋಲ್ಟು:
ಆ ಬಾಗಿಲಿಗೆ ಕರೆಂಟಿನ ಲಾಚ್. 12 ವೋಲ್ಟಿನ ಬ್ಯಾಟರಿ ಸತ್ತರೆ ತೆರೆಯದು, ಆ ಬ್ಯಾಟರಿಯೋ ಡಿಕ್ಕಿಯೊಳಗೇ ಇದೆ. ಬೀಗದಕೈ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದ ಹಾಗೆ! ಹಿಂದಿನ ಸೀಟು ಮಡಚಿ ಒಳಗೆ ತೆವಳಿ ಹೋಗಿ. ಬಾಗಿಲಿನ ಒಳಮೈಯಲ್ಲಿ, ಕೆಳಗೆ, ಸಣ್ಣ ಮುಚ್ಚಳ ಇದೆ. ಅದರ ಹಿಂದಿನ ಲಿವರ್ ತಳ್ಳಿದರೆ ಆಯಿತು.

ಗುಜರಿ ಕಾರು ಅಂತ ಸದರ ಬೇಡ. 1000 ವೋಲ್ಟ್ ದರ್ಜೆಯ ರಬ್ಬರ್ ಗ್ಲೌಸ್ ಹಾಕಿಯೇ ಕಿತ್ತಳೆ ಹಿಡಿಯ ಸರ್ವಿಸ್ ಪ್ಲಗ್ ಕೀಳಿ. ಆಮೇಲೆ ಹತ್ತು ನಿಮಿಷ ಏನೂ ಮುಟ್ಟಬೇಡಿ, ಇನ್ವರ್ಟರ್‌ನ ಕೆಪಾಸಿಟರ್ ಇಳಿಯಬೇಕು. ಪ್ಲಗ್ ಕಿತ್ತರೆ 201.6 ವೋಲ್ಟಿನ ಪ್ಯಾಕ್ ಎರಡು ತುಂಡಾಗುತ್ತದೆ ಅಷ್ಟೇ, ಸತ್ತುಹೋಗುವುದಿಲ್ಲ. ದೊಡ್ಡ ತುಂಡಿನಲ್ಲಿ ನೂರರ ಮೇಲೇ ಇರುತ್ತದೆ. ಉಂಗುರ, ಗಡಿಯಾರ ಮನೆಯಲ್ಲೇ ಬಿಡಿ. ಬಿಚ್ಚುವ ಮೊದಲು ಒಂದು ಫೋಟೋ ತೆಗೆಯಿರಿ, ಮಾಡ್ಯೂಲ್‌ಗಳ ಪ್ಲಸ್ ಮೈನಸ್ ಒಂದು ಬಿಟ್ಟು ಒಂದು ತಿರುವುಮುರುವಾಗಿ ಇರುತ್ತವೆ.

ಮಾಡ್ಯೂಲ್ ಆರಿಸುವಾಗ ಅಂಚಿನವನ್ನು ನೋಡಿ. ನಡುವಿನವು ಜಾಸ್ತಿ ಬಿಸಿ ತಿಂದಿರುತ್ತವೆ. ಹೋದದ್ದೇ ಹೋದಿರಿ, ಬ್ಯಾಟರಿಯ ಫ್ಯಾನ್, ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿ (ಬಸ್‌ಬಾರ್), ಇನ್ವರ್ಟರ್‌ನ ಕೂಲೆಂಟ್ ಪಂಪ್ ಕೂಡ ತನ್ನಿ. ಪಂಪ್ 12 ವೋಲ್ಟಿನದು, ಮನೆಯಲ್ಲೇ ನೀರಿಟ್ಟು ಪರೀಕ್ಷೆ ಮಾಡಬಹುದು.

ಕಿತ್ತಳೆವೈರ್:
ಈ ಸಲ ಆರು ತಂದೆ. ಬಲ್ಬ್ ಪರೀಕ್ಷೆಯಲ್ಲಿ ನಾಲ್ಕು ಪಾಸ್. ಸಾಮರ್ಥ್ಯದಲ್ಲಿ ನನ್ನವಕ್ಕೆ ಹತ್ತಿರ ಇದ್ದ ಎರಡನ್ನು ಆರಿಸಿದೆ. 28ನ್ನೂ ಪ್ಯಾರಲಲ್ ಕಟ್ಟಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್, ವೋಲ್ಟೇಜ್ ಸಮ ಆಗಲಿ ಅಂತ) ಒಂದು ದಿನ ಬಿಟ್ಟು ಜೋಡಿಸಿದೆ. ಹಸಿರು ಹಿಡಿದ ಬಸ್‌ಬಾರ್‌ಗಳನ್ನು ವಿನೆಗರ್‌ನಲ್ಲಿ ನೆನೆಸಿ ಉಜ್ಜಿದೆ, ಹೊಸ ಕಾಸಿನ ಹಾಗೆ ಹೊಳೆಯುತ್ತಿವೆ. ಆದರೆ ಈಗ ಕಾರು ಓಡೋಕೆ ಸಿದ್ಧ ಅನ್ನುವ ‘ರೆಡಿ’ ದೀಪವೇ ಬರುತ್ತಿಲ್ಲ! ಕೋಡ್ ಪಿ0ಎ0ಡಿ.

ಹಳೇಸ್ಪ್ಯಾನರ್:
ನಗಬೇಡಿ, ಎಲ್ಲರೂ ಇಲ್ಲೇ ಸಿಕ್ಕಿಬೀಳೋದು. ಅದು ಇಂಟರ್‌ಲಾಕ್ ಕೋಡ್, ಅಂದರೆ ಹೈವೋಲ್ಟೇಜ್ ಭಾಗ ಸರಿಯಾಗಿ ಮುಚ್ಚಿಲ್ಲ ಅನ್ನುವ ಸುರಕ್ಷತಾ ಸೂಚನೆ. ಸರ್ವಿಸ್ ಪ್ಲಗ್ ತಳ್ಳಿ ಹಿಡಿ ಎತ್ತಿದರೆ ಮುಗಿಯಲಿಲ್ಲ. ಕೊನೆಗೆ ಹಿಡಿಯನ್ನು ಕೆಳಕ್ಕೆ ಜಾರಿಸಿ ಲಾಕ್ ಮಾಡಬೇಕು. ಹೋಗಿ ನೋಡಿ.

ಕಿತ್ತಳೆವೈರ್:
ಟಕ್ ಅಂತು! ರೆಡಿ ಬಂತು. ಫ್ಯಾನ್ ಕೂಡ ಬಿಚ್ಚಿದ್ದೆ ಸರ್, ಒಳಗೆ ಒಂದು ಹಿಡಿ ನಾಯಿ ಕೂದಲು. ನಾನು ನಾಯಿ ಸಾಕಿಯೇ ಇಲ್ಲ.

ನಟ್ಟುಬೋಲ್ಟು:
ಹಿಂದಿನ ಮಾಲೀಕರದ್ದು. ಗಾಳಿ ಎಳೆಯುವ ಜಾಲರಿ ಹಿಂದಿನ ಸೀಟಿನ ಪಕ್ಕದಲ್ಲೇ ಇದೆ, ಅಲ್ಲಿ ಚೀಲ ಒರಗಿಸಬೇಡಿ.