12 ವೋಲ್ಟ್ ಪಂಪ್ ಮನೆ ಹತ್ರ ಓಡುತ್ತೆ, ತೋಟದಲ್ಲಿ ಓಡಲ್ಲ!

ತೋಟದಮನೆ_ತೀರ್ಥಹಳ್ಳಿ: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. 60 ವಾಟ್ ಸ್ಪ್ರೇ ಪಂಪು. ಬ್ಯಾಟರಿ ಪಕ್ಕ ಇಟ್ಟು ಕೊಟ್ರೆ ನೀರು ಚಿಮ್ಮುತ್ತೆ. ಬಾವಿ ಹತ್ರ ವೈರ್ ಎಳೆದು ಕೊಟ್ರೆ ಗುರ್ ಅಂತ ನಿಂತುಬಿಡುತ್ತೆ. ತುದೀಲಿ ಮೀಟರ್ ಇಟ್ರೆ 12.5 ವೋಲ್ಟ್ ಇದೆ. ವೈರ್ ಹೊಸದು. ಮತ್ಯಾಕೆ?

ಸೌರಶಕ್ತಿ_ದಾವಣಗೆರೆ: ಬ್ಯಾಟರಿ ಹೋಗಿದೆ. ಲೋಡ್ ಬಿದ್ದ ಕೂಡ್ಲೇ ಕೂರುತ್ತೆ. ಹೈಡ್ರೋಮೀಟರ್ (ಬ್ಯಾಟರಿ ಆಸಿಡ್ ಸಾಂದ್ರತೆ ಅಳೆಯೋದು) ಇಟ್ಟು ಆರೂ ಸೆಲ್ ನೋಡಿ.

ತೋಟದಮನೆ_ತೀರ್ಥಹಳ್ಳಿ: ಎಂಟು ತಿಂಗಳ ಬ್ಯಾಟರಿ ಸಾರ್. ಪಕ್ಕದಲ್ಲಿಟ್ರೆ ಓಡುತ್ತೆ ಅಂದೆನಲ್ಲ.

ಸೌರಶಕ್ತಿ_ದಾವಣಗೆರೆ: ಒಂದು ಸೆಲ್ ವೀಕ್ ಆದ್ರೂ ಹೀಗೇ ಆಗೋದು. ನಮ್ಮನೇಲಿ 150 ಆಂಪಿಯರ್ ಅವರ್‌ದು ಎರಡಿವೆ. ಅನುಭವದಿಂದ ಹೇಳ್ತಿದೀನಿ.

ಓಮ್_ಹಾಸನ: ವೈರ್ ಎಷ್ಟುದ್ದ, ಎಷ್ಟು ಸ್ಕ್ವೇರ್ ಎಂಎಂ ದಪ್ಪ? ಅದನ್ನೇ ಹೇಳಿಲ್ಲ ನೀವು. ಪಂಪ್ ಬಿಚ್ಚಿ ಅಳೆದ 12.5 ಲೆಕ್ಕಕ್ಕಿಲ್ಲ, ಕರೆಂಟ್ ಹರೀದೆ ವೈರಲ್ಲಿ ವೋಲ್ಟೇಜ್ ಡ್ರಾಪ್ ಆಗಲ್ಲ. ಪಂಪ್ ಕೊಟ್ಟಿರುವಾಗಲೇ ಅಳೀರಿ.

ತೋಟದಮನೆ_ತೀರ್ಥಹಳ್ಳಿ: 40 ಮೀಟರ್, 1 ಸ್ಕ್ವೇರ್. ಪಂಪ್ ಕೊಟ್ಟಾಗ ತುದೀಲಿ 6.4, ಬ್ಯಾಟರಿ ಮೇಲೆ 12.3!!

ಓಮ್_ಹಾಸನ: ಬ್ಯಾಟರಿ ಸರಿ ಇದೆ ಹಾಗಾದ್ರೆ. ಹೋಗಿ ಬರೋಕೆ 80 ಮೀಟರ್ ಆಯ್ತು. 1 ಸ್ಕ್ವೇರ್ ತಾಮ್ರ ಕಿಲೋಮೀಟರಿಗೆ ಸುಮಾರು 19 ಓಮ್ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ), ನಿಮ್ಮದಕ್ಕೆ 1.5. ಪಂಪಿಗೆ ಬೇಕಾದ 5 ಆಂಪಿಯರ್ ಹರಿದ್ರೆ ವೈರೇ 7.5 ವೋಲ್ಟ್ ತಿನ್ನುತ್ತೆ. ಅಷ್ಟು ಹರಿಯೋದೇ ಇಲ್ಲ, ಅದಕ್ಕೇ ನಿಲ್ಲುತ್ತೆ.

ವೈರ್‌ಮನ್_ಮಂಡ್ಯ: ಒಂಟಿ ತಂತಿ ಬೇಡ, ಮಲ್ಟಿಸ್ಟ್ರ್ಯಾಂಡ್ ಹಾಕಿ. ಎಳೆ ಜಾಸ್ತಿ ಇದ್ರೆ ಕರೆಂಟ್ ಚೆನ್ನಾಗಿ ಹರಿಯುತ್ತೆ.

ಓಮ್_ಹಾಸನ: ಡಿಸಿಗೆ (ಬ್ಯಾಟರಿ ಕರೆಂಟಿಗೆ) ಎಳೆ ಒಂದಾದ್ರೇನು ಮೂವತ್ತಾದ್ರೇನು, ಒಟ್ಟು ತಾಮ್ರ ಎಷ್ಟಿದೆ ಅನ್ನೋದಷ್ಟೇ.

ವೈರ್‌ಮನ್_ಮಂಡ್ಯ: ಇಪ್ಪತ್ತು ವರ್ಷದಿಂದ ವೈರಿಂಗ್ ಮಾಡ್ತಿದೀನಿ ಗುರು, ನಂಗೆ ಪಾಠ ಬೇಡ.

ಗೀತಕ್ಕ_ಸಾಗರ: ಜಗಳ ಆಮೇಲೆ. ಹರಿಯೋ ಕರೆಂಟೇ 5 ಆಂಪಿಯರಿಗಿಂತ ಕಮ್ಮಿ, ಹಾಗಾಗಿ ತಾಮ್ರವೇ ಆಗಿದ್ರೆ ತುದೀಲಿ ಏಳೂವರೆ ವೋಲ್ಟ್ ಹತ್ರ ಉಳೀಬೇಕಿತ್ತು, 6.4 ಕಮ್ಮಿ ಆಯ್ತು. ತಮ್ಮಾ, ಒಂದು ಎಳೆ ಬ್ಲೇಡಲ್ಲಿ ಕೆರೆದು ನೋಡು. ಹೊರಗೆ ಕೆಂಪು, ಒಳಗೆ ಬಿಳಿ ಇದ್ರೆ ಅಲ್ಯೂಮಿನಿಯಂ ಮೇಲೆ ತಾಮ್ರ ಹೊದಿಸಿದ್ದು. ಅದೇ ಗಾತ್ರಕ್ಕೆ ರೆಸಿಸ್ಟೆನ್ಸ್ ಒಂದೂವರೆ ಪಟ್ಟು. ಹೊರಗೆ ಬಿಳಿ, ಒಳಗೆ ಕೆಂಪಿದ್ರೆ ತವರ ಹಚ್ಚಿದ ತಾಮ್ರ, ಅದು ಒಳ್ಳೇದೇ.

ತೋಟದಮನೆ_ತೀರ್ಥಹಳ್ಳಿ: ಒಳಗೆ ಬಿಳಿ ಅಕ್ಕಾ. ತಾಮ್ರ ಅಂತಲೇ ದುಡ್ಡು ಕೊಟ್ಟಿದ್ದೆ. ಹೊಟ್ಟೆ ಉರೀತಿದೆ.

ಓಮ್_ಹಾಸನ: 6 ಸ್ಕ್ವೇರ್ ತಾಮ್ರ ಹಾಕಿದ್ರೆ 0.26 ಓಮ್, ಡ್ರಾಪ್ 1.3 ವೋಲ್ಟ್. ಪಂಪ್ ಓಡುತ್ತೆ, ಆದ್ರೆ ವೈರ್ ದುಬಾರಿ. ಬ್ಯಾಟರೀನೇ ಬಾವಿ ಹತ್ರ ಒಯ್ಯೋಕಾಗಲ್ವಾ?

ಸೌರಶಕ್ತಿ_ದಾವಣಗೆರೆ: 24 ವೋಲ್ಟ್ ಮಾಡಿ. ನಂದು ನಾಲ್ಕು ಪ್ಯಾನೆಲ್, ಎಲ್ಲಾ 24.

ಗೀತಕ್ಕ_ಸಾಗರ: ಅವನ ಪಂಪ್ 12ರದ್ದಲ್ವಾ?

ತೋಟದಮನೆ_ತೀರ್ಥಹಳ್ಳಿ: ಇವತ್ತು ಬ್ಯಾಟರಿ ಹೊತ್ಕೊಂಡು ಬಾವಿ ಹತ್ರ ಹೋದೆ. ಪಂಪ್ ಓಡ್ತು, ಡ್ರಮ್ ತುಂಬ್ತು! ಆದ್ರೆ ದಿನಾ ಹೊರೋಕಾಗಲ್ಲ. ಬಾವಿ ಹತ್ರ ಅಡಿಕೆ ನೆರಳು, 100 ವಾಟ್ ಪ್ಯಾನೆಲ್ ಮನೆ ಮಾಡಿನ ಮೇಲೆ. ಬ್ಯಾಟರಿ ಅಲ್ಲೇ ಬಿಟ್ಟು ಇದೇ ವೈರಲ್ಲಿ ಚಾರ್ಜ್ ಮಾಡಬಹುದಾ?

ಓಮ್_ಹಾಸನ: ಪ್ಯಾನೆಲ್ಲೂ ಬಿಸಿಲಲ್ಲಿ 5 ಆಂಪಿಯರ್ ಮೇಲೇ ಕೊಡೋದು, ಈ ವೈರಲ್ಲಿ ತುಂಬಾ ನಷ್ಟ ಆಗುತ್ತೆ. ಚಾರ್ಜ್ ಕಂಟ್ರೋಲರ್ (ಪ್ಯಾನೆಲ್‌ಗೂ ಬ್ಯಾಟರಿಗೂ ಮಧ್ಯೆ ಚಾರ್ಜ್ ನೋಡ್ಕೊಳ್ಳೋ ಡಬ್ಬಿ) ಈಗ ಯಾವ ಕಡೆ ಇದೆ?