‘ಕ್ವಾಂಟಮೋತ್ತರ ಗೂಢಲಿಪಿ’ಯೋ, ‘ಕ್ವಾಂಟಮ್ ನಿರೋಧಕ ಕ್ರಿಪ್ಟೋಗ್ರಫಿ’ಯೋ?

ಮಾನ್ಯರೆ,

ಬ್ಯಾಂಕ್ ಸಿಬ್ಬಂದಿಗಾಗಿ ಸಿದ್ಧವಾಗುತ್ತಿರುವ ಕನ್ನಡ ಕೈಪಿಡಿಯೊಂದರ ಕರಡಿನಲ್ಲಿ ಪೋಸ್ಟ್-ಕ್ವಾಂಟಮ್ ಕ್ರಿಪ್ಟೋಗ್ರಫಿಗೆ, ಅಂದರೆ ಮುಂದೆ ಬರಬಹುದಾದ ಕ್ವಾಂಟಮ್ ಕಂಪ್ಯೂಟರುಗಳ ದಾಳಿಯನ್ನೂ ತಡೆಯುವಂತೆ ರೂಪಿಸಿದ, ಮಾಹಿತಿ ಮತ್ತು ಸಹಿಗಳನ್ನು ಕಾಪಾಡುವ ಗಣಿತ ವಿಧಾನಗಳಿಗೆ, ‘ಕ್ವಾಂಟಮೋತ್ತರ ಗೂಢಲಿಪಿ’ ಎಂಬ ಪದವನ್ನು ಬಳಸಲಾಗಿದೆ. ಈ ಪದದ ಎರಡೂ ಭಾಗಗಳ ಬಗ್ಗೆ ನನಗೆ ತಕರಾರಿರುವುದರಿಂದ ಬಲ್ಲವರ ಅಭಿಪ್ರಾಯವನ್ನು ಕೋರುತ್ತಿದ್ದೇನೆ.

‘ಸ್ವಾತಂತ್ರ್ಯೋತ್ತರ’, ‘ಮರಣೋತ್ತರ’ ಎಂಬಲ್ಲಿ ‘ಉತ್ತರ’ ಎಂದರೆ ಒಂದು ಘಟನೆ ನಡೆದುಹೋದ ಮೇಲಿನದು. ಆದ್ದರಿಂದ ‘ಕ್ವಾಂಟಮೋತ್ತರ’ ಎಂದು ಓದಿದವರು, ಕ್ವಾಂಟಮ್ ಕಂಪ್ಯೂಟರ್ ಬಂದ ಮೇಲೆ ನೋಡಿಕೊಂಡರಾಯಿತು ಎಂದುಕೊಳ್ಳುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಗಣಿತಜ್ಞ ಪೀಟರ್ ಶೋರ್ 1994ರಲ್ಲಿ ತೋರಿಸಿಕೊಟ್ಟ ವಿಧಾನದಿಂದ, ಇಂದು ವ್ಯಾಪಕ ಬಳಕೆಯಲ್ಲಿರುವ ಕ್ರಿಪ್ಟೋಗ್ರಫಿ ಪದ್ಧತಿಯಾದ ಆರ್‌ಎಸ್‌ಎಯನ್ನು ಮುರಿಯಬಲ್ಲಷ್ಟು ದೊಡ್ಡ ಯಂತ್ರ ಇನ್ನೂ ಬಂದಿಲ್ಲ. ಆದರೆ ಇಂದು ಜಾಲದಲ್ಲಿ ಹಾದುಹೋಗುವ ಮಾಹಿತಿಯನ್ನು ಕದ್ದಿಟ್ಟುಕೊಂಡು, ಯಂತ್ರ ಬಂದ ದಿನ ಬಿಡಿಸಿ ಓದುವುದಕ್ಕೆ ಅಡ್ಡಿಯಿಲ್ಲ. ಇಪ್ಪತ್ತು ವರ್ಷದ ಗೃಹಸಾಲದ ಕಡತದಲ್ಲಿರುವ ಪ್ಯಾನ್ ಸಂಖ್ಯೆ, ಆದಾಯದ ವಿವರ, ಆಸ್ತಿಪತ್ರಗಳು ಅಷ್ಟರೊಳಗೆ ಹಳತಾಗಿರುವುದಿಲ್ಲ. ಮೇಲಾಗಿ, ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಇಂಥ ಕ್ರಿಪ್ಟೋಗ್ರಫಿಯ ಮೂರು ಹೊಸ ಮಾನಕಗಳು ಈಗಿನ ಸಾಮಾನ್ಯ ಕಂಪ್ಯೂಟರುಗಳಲ್ಲಿಯೇ ಕೆಲಸ ಮಾಡುತ್ತವೆ.

‘ಗೂಢಲಿಪಿ’ಯ ತೊಡಕು ಬೇರೆ ಬಗೆಯದು. ಆ ಮೂರರಲ್ಲಿ ಎರಡು ಮಾನಕಗಳು ಡಿಜಿಟಲ್ ಸಹಿಗೆ ಸಂಬಂಧಿಸಿದವು. ಸಹಿಯಲ್ಲಿ ಮುಚ್ಚಿಡುವುದೇನೂ ಇಲ್ಲ, ಹಣ ಪಾವತಿಯ ಆದೇಶವನ್ನು ಕಳುಹಿಸಿದವರು ಯಾರು, ನಡುವೆ ಅದನ್ನು ಯಾರಾದರೂ ತಿದ್ದಿದರೇ ಎಂಬುದನ್ನು ಅದು ಖಾತ್ರಿಪಡಿಸುತ್ತದೆ. 2048 ಬಿಟ್‌ನ ಆರ್‌ಎಸ್‌ಎ ಸಹಿ 256 ಬೈಟ್‌ಗಳಾದರೆ, ಈ ಹೊಸ ಮಾನಕಗಳಲ್ಲೊಂದರ ಎಂಎಲ್-ಡಿಎಸ್‌ಎ-65 ಸಹಿ 3,309 ಬೈಟ್‌ಗಳು. ಚಿಪ್ ಕಾರ್ಡು, ಸಂದೇಶದ ನಮೂನೆ, ಕೀಲಿಗಳನ್ನು ಕಾಯುವ ಎಚ್‌ಎಸ್‌ಎಂ ಯಂತ್ರ ಇವೆಲ್ಲ ಈ ಗಾತ್ರವನ್ನು ತಾಳುತ್ತವೆಯೇ ಎಂದು ಬ್ಯಾಂಕುಗಳು ಪರೀಕ್ಷಿಸಬೇಕಾಗಿರುವಾಗ, ಸಹಿಯ ವಿಷಯವೇ ಹೊಳೆಯದಂಥ ಪದವನ್ನು ಅವರ ಕೈಗೆ ಕೊಡುವುದು ಸರಿಯಲ್ಲ. ಬರಿಯ ‘ಕ್ರಿಪ್ಟೋ’ ಎನ್ನೋಣವೆಂದರೆ ಪತ್ರಿಕೆಗಳಲ್ಲಿ ಅದಕ್ಕೆ ಬಿಟ್‌ಕಾಯಿನ್ ಎಂಬ ಅರ್ಥ ನಿಂತುಬಿಟ್ಟಿದೆ.

ಹೀಗಾಗಿ ‘ಕ್ವಾಂಟಮ್ ನಿರೋಧಕ ಕ್ರಿಪ್ಟೋಗ್ರಫಿ’ ಎಂಬುದು ನನ್ನ ಸೂಚನೆ. ‘ನಿರೋಧಕ’ ಎಂದರೆ ಪೂರ್ತಿ ಅಭೇದ್ಯವೆಂಬ ಭರವಸೆ ಕೊಟ್ಟಂತಾಗುವುದಿಲ್ಲವೇ ಎಂಬ ಆಕ್ಷೇಪಕ್ಕೆ ಆಧಾರವಿದೆ: ಎನ್‌ಐಎಸ್‌ಟಿಯ ಆಯ್ಕೆ ಪ್ರಕ್ರಿಯೆಯಲ್ಲಿ ನಾಲ್ಕನೆಯ ಸುತ್ತಿನವರೆಗೆ ಬಂದಿದ್ದ ‘ಸೈಕ್’ ಎಂಬ ವಿಧಾನವನ್ನು 2022ರಲ್ಲಿ ಸಾಮಾನ್ಯ ಕಂಪ್ಯೂಟರಿನಿಂದಲೇ ಮುರಿಯಲಾಯಿತು. ಆದರೂ ‘ರೋಗನಿರೋಧಕ ತಳಿ’ ಎಂದಾಗ ಬೆಳೆಗೆ ರೋಗವೇ ತಗಲದೆಂದು ನಮ್ಮ ರೈತರು ತಿಳಿಯುವುದಿಲ್ಲವಾದ್ದರಿಂದ, ಕನ್ನಡದಲ್ಲಿ ಆ ಪದಕ್ಕೆ ಇರುವ ಅರ್ಥವೇ ಇಲ್ಲಿಗೂ ಸಾಕೆಂದು ನನಗೆ ತೋರುತ್ತದೆ.

ಇದಕ್ಕಿಂತ ಒಪ್ಪುವ ಪದ ಬಳಕೆಯಲ್ಲಿದ್ದರೆ ದಯವಿಟ್ಟು ಪ್ರಯೋಗಸಹಿತ ತಿಳಿಸಿ. ಹಾಗೆಯೇ, ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಸಾಗುವ ‘ಮೈಗ್ರೇಷನ್’ ಅನ್ನು ಕರಡಿನಲ್ಲಿ ‘ವಲಸೆ’ ಎಂದಿರುವುದನ್ನು ಉಳಿಸಿಕೊಳ್ಳಬಹುದೇ ಎಂಬುದನ್ನೂ ತಿಳಿಸಬೇಕಾಗಿ ವಿನಂತಿ.